ಶಾಹೀನಳ ಹನ್ನೆರಡು ನಿಮಿಷ

ಇಂದು ಬೆಳಿಗ್ಗೆ ಮನೆಗೆ ಇಂಟರ್ನೆಟ್ ಹಾಕಲು ಬಂದವನು ನೀಲಿ ಕೇಬಲ್ಲಿನ ಸಿಪ್ಪೆ ಸುಲಿದು, ಒಳಗಿನ ಎಂಟು ಬಣ್ಣದ ಎಳೆಗಳನ್ನು ಬೆರಳಲ್ಲಿ ಹರಡಿದ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಾನು ಪತ್ರಿಕೆ ಮಡಚಿಟ್ಟೆ. ಏಳೂವರೆಗೆ ಪತ್ರಿಕೆ, ಎಂಟಕ್ಕೆ ಸ್ನಾನ; ನಿವೃತ್ತನಾದ ಮೇಲೂ ನನ್ನ ದಿನ ಹೀಗೆಯೇ. ಮನೆಯವರು ನಗುತ್ತಾರೆ, ನಗಲಿ.

ನಿಮಗೆ ಗೊತ್ತಿರಲಿಕ್ಕಿಲ್ಲ, ಎರಡು ಸಾವಿರದ ದಶಕದಲ್ಲಿ ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ, ಸೀರೆ ಅಂಗಡಿಯ ಮಾಳಿಗೆಯಲ್ಲಿ, ವಿಶ್ವವಿದ್ಯಾಲಯವೊಂದರ ಕಲಿಕಾ ಕೇಂದ್ರವಿತ್ತು. ನೆಟ್‌ವರ್ಕಿಂಗ್ ಮತ್ತು ಡಿಜಿಟಲ್ ಮಾಧ್ಯಮದ ಡಿಪ್ಲೊಮಾ. ಸಂಯೋಜಕ ನಾನು. ನೆಟ್‌ವರ್ಕ್ ಎಂದರೇನೆಂದು ನನಗೆ ತಿಳಿದಿರಲಿಲ್ಲ. ವೇಳೆ ಎಂದರೇನೆಂದು ತಿಳಿದಿತ್ತು. ಹುಡುಗರು ಬೆನ್ನ ಹಿಂದೆ ‘ಗಂಟಿ ಸರ್’ ಎನ್ನುತ್ತಿದ್ದರು. ಅದನ್ನು ಬಿರುದೆಂದೇ ತಿಳಿದಿದ್ದೆ.

ಪುರ್ತಗೇರಿಯಿಂದ ಬರುತ್ತಿದ್ದ ಶಾಹೀನ್ ಒಬ್ಬಳೇ ಇಂಥ ಕೇಬಲ್ಲಿನ ಎಳೆಗಳನ್ನು ಪುಸ್ತಕ ನೋಡದೆ ಜೋಡಿಸುತ್ತಿದ್ದಳು. ಪಾಸಾದರೆ ನಮ್ಮ ಲ್ಯಾಬಿನಲ್ಲೇ ಕಲಿಸುವ ಕೆಲಸ ಅವಳಿಗೆಂದು ಮಾತಾಗಿತ್ತು.

ಲ್ಯಾಬಿನ ರೆಕಾರ್ಡ್ ಪುಸ್ತಕ ಒಪ್ಪಿಸುವ ಕೊನೆಯ ದಿನ; ಗಡುವು ಬೆಳಿಗ್ಗೆ ಹತ್ತು ಗಂಟೆ. ಕೊಡದವರಿಗೆ ಪರೀಕ್ಷೆಯಿಲ್ಲ. ಶಾಹೀನ್ ನನ್ನ ಮೇಜಿನ ಮುಂದೆ ನಿಂತಾಗ ಹತ್ತು ಹನ್ನೆರಡು.

“ಸರ್, ಲ್ಯಾಬಿನಾಗ ನೆಟ್ ಲೈನ್ ಹೋಗಿತ್ರಿ, ಅದಕ್ಕ…”

“ಕಾರಣ ಬ್ಯಾಡವಾ. ಗಡಿಯಾರ ನೋಡು. ಮುಂದಿನ ವರ್ಷ ಬಾ.”

ಅವಳು ಗಡಿಯಾರ ನೋಡಲಿಲ್ಲ, ನನ್ನನ್ನು ನೋಡಿದಳು. ಪುಸ್ತಕವನ್ನು ಎದೆಗವಚಿಕೊಂಡು ಹೋದಳು.

ಪರೀಕ್ಷೆಗೆ ಅನರ್ಹರಾದವರ ಪಟ್ಟಿ ಅಂದು ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಬಸಪ್ಪನನ್ನು ಕೇಳಿದೆ, “ಎರಡು ದಿನದಿಂದ ಸತ್ತಿದ್ದ ಲೈನ್ ಹ್ಯಾಂಗ ಬಂತೋ?”

“ನನ್ನ ಕೈಲೆ ಎಲ್ಲಿ ಆಕ್ಕೈತ್ರಿ ಸರ್? ಶಾಹೀನ ಮಾಡ್ಯಾಳ. ಮುಂಜಾನಿ ಎಂಟಕ್ಕ ನಾನಽ ಆಕಿನ್ನ ಕೆಲಸಕ್ಕ ಕುಂದರ್ಸಿದ್ದೆ, ಮುಗಿಯೋದ್ರಾಗ ಹತ್ತು ದಾಟಿತ್ರಿ. ಪಟ್ಟಿ ಇವತ್ತಽ ಹೋಗಬೇಕಂತ ನೀವು ನಿನ್ನೆ ಭಾಳ ಒದರಾಡಿದ್ರಲ್ಲ!”

ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಬಸಪ್ಪ ಪರದೆ ನೋಡಿದ, ನನ್ನ ಮುಖ ನೋಡಿದ. “ಕಳಸ್ಲೇನ್ರಿ?” ಅಂದ.

“ಕಳಸು,” ಅಂದೆ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬ ಮಾತನ್ನೂ ಸೇರಿಸಿದೆ. ಅವಳು ಕೂಡಿಸಿದ ತಂತಿಯ ಮೇಲೆಯೇ ಅವಳ ಹೆಸರು ಹೋಯಿತು. ತಿಳಿಯದೆ ಮಾಡಿದ್ದರೆ ಈ ವಯಸ್ಸಿಗೆ ಮರೆತಿರುತ್ತಿದ್ದೆನೇನೋ. ತಿಳಿದೇ ಮಾಡಿದೆ.

ಮುಂದಿನ ವರ್ಷ ವಿಶ್ವವಿದ್ಯಾಲಯ ಆ ಕೋರ್ಸನ್ನೇ ನಿಲ್ಲಿಸಿತು.

“ಬಂತ್ ನೋಡ್ರಿ, ಸರ್,” ಎಂದ ಇಂಟರ್ನೆಟ್ಟಿನವನು. ಹಸಿರು ದೀಪ ಮಿನುಗುತ್ತಿತ್ತು. “ಯಾರಿಗರ ಒಂದು ಮೆಸೇಜ್ ಹಾಕಿ ನೋಡ್ರಿ.”

ಮೊಬೈಲು ಹಿಡಿದು ಕುಳಿತೆ. ಅವಳ ನಂಬರು ನನ್ನಲ್ಲಿಲ್ಲ. ಎಂಟು ಹೊಡೆದು ಎಷ್ಟು ಹೊತ್ತಾಗಿತ್ತೋ, ಸ್ನಾನಕ್ಕೆ ಏಳಲಿಲ್ಲ.