ಶಿವಕ್ಕನ ಹಾಡಿಗೆ ದುಬೈ ಕೋಟು

ಹೇರೋಹಳ್ಳಿಯಲ್ಲಿ ಶಿವಕ್ಕ ಬೀಗರ ಹಾಡು ಎತ್ತಿದರೆ ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ತಾನಾಗಿ ನಿಲ್ಲುತ್ತಿತ್ತು. ಸಿಗ್ನಲ್ ಬಿದ್ದಿಲ್ಲ ಎಂದು ಸುಳ್ಳು ಹೇಳಿ, ಡ್ರೈವರ್ ಒಂದು ನುಡಿ ಕೇಳಿಸಿಕೊಂಡೇ ಹೊರಡುತ್ತಿದ್ದನಂತೆ. ನಂಬದವರು ರೈಲನ್ನೇ ಕೇಳಬಹುದು.

ಹಗಲೆಲ್ಲ ಅಗರಬತ್ತಿ ಹೊಸೆಯುವ ಹೆಂಗಸು. ಮದುವೆ ಬಂತೆಂದರೆ ಹೆಣ್ಣಿನ ಕಡೆ ಕೂತು ಗಂಡಿನವರನ್ನು ಹಾಡಿನಲ್ಲೇ ಹುರಿದು ಮುಕ್ಕುವವಳು. ಆ ಸೀಮೆಯ ರೂಢಿ ಹಾಗೆ. ಬೀಗರ ಹಾಡಿಗೆ ಸಿಟ್ಟಾಗುವಂತಿಲ್ಲ, ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಇಲ್ಲದಿದ್ದರೆ ಮದುಮಗ ಹಾಡಿದವಳ ಮಡಿಲಿಗೆ ತಾಂಬೂಲ ಇಟ್ಟು ‘ಸೋತೆ’ ಅನ್ನಬೇಕು. ಅಲ್ಲಿಯವರೆಗೆ ಅವನಿಗೆ ಧಾರೆ ಮಂಟಪ ಇಲ್ಲ.

ಎಂಬತ್ನಾಲ್ಕನೇ ಇಸವಿಯಲ್ಲಿ ವಿಜಯನಗರದ ಒಂದು ಮದುವೆಗೆ ಆರ್ಕೆಸ್ಟ್ರಾ ಗಾಯಕರಿಬ್ಬರು ಬಂದಿದ್ದರು, ಸಿದ್ದಬಸಪ್ಪ ಮತ್ತು ಕೆಂಪಯ್ಯ. ಶಿವಕ್ಕ ತಾನೇ ಕಟ್ಟಿದ ‘ಬಂದ್ರು ನೋಡೆ ಬೀಗರು, ಬಾಳೆಲೆಗೂ ಬಾಗರು’ ಹಾಡುತ್ತಿದ್ದಾಗ ಚಾಪೆಯ ಕೆಳಗೆ ಟೇಪ್ ರೆಕಾರ್ಡರ್ ಇಟ್ಟರು. ಆರು ತಿಂಗಳಲ್ಲಿ ಅದಕ್ಕೆ ಗಿಟಾರು, ಡ್ರಮ್ಮು ಸೇರಿ ಕ್ಯಾಸೆಟ್ಟಾಯಿತು. ಮೇಲೆ ‘ರಚನೆ, ರಾಗ, ಗಾಯನ: ಸಿದ್ದು–ಕೆಂಪು’. ರಾಜಾಜಿನಗರದ ಅಂಗಡಿಗಳಲ್ಲಿ ಕೂಗಿದ್ದು ಸಾಲದೆ ಹಾಡು ದುಬೈಗೆ ಹಾರಿತು. ಅಲ್ಲಿ ಒಂಟೆಗಳೂ ಅದೇ ತಾಳಕ್ಕೆ ಹೆಜ್ಜೆ ಹಾಕಿ ದಾರಿ ತಪ್ಪುತ್ತಿದ್ದವಂತೆ. ಗಾಯಕರ ಜೋಡಿಯೂ ವಿಮಾನ ಹತ್ತಿ ಹೋಗಿ, ಹೊಳೆಯುವ ಕೋಟು ತೊಟ್ಟು ಬಂತು.

ಶಿವಕ್ಕ ಹೋಗಿ ಕೇಳಿದಳು. “ಲೋ ಸಿದ್ದ, ನನ್ ಹಾಡಿಗೆ ನನ್ ಹೆಸ್ರು ಎಲ್ಲಪ್ಪಾ?”

“ಆಂಟಿ, ಹಳ್ಳಿ ಹಾಡಿಗೆಲ್ಲ ಹೆಸ್ರು ಇರುತ್ತಾ? ಬೇವಿನ್ ಮರ ಯಾರ್ ನೆಟ್ಟಿದ್ದು ಅಂತ ಕೇಳ್ತೀರಾ?”

“ನಮ್ಮನೆ ಬೇವಿನ್ ಮರ ನಾನೇ ನೆಟ್ಟಿದ್ದು ಕಣೋ,” ಅಂದವಳು ಎದ್ದು ಬಂದಳು.

ಅವನ ಬಾಯಿಂದಲೇ ಹಾಡು ವಾಪಸ್ ಬರುವವರೆಗೆ ಮುಡಿ ಕಟ್ಟಬಾರದೆಂದುಕೊಂಡಳು. ಆದರೆ ಬಿಚ್ಚಿದ ಕೂದಲು ಅಗರಬತ್ತಿ ಹಿಟ್ಟಿಗೆ ಬೀಳುತ್ತದೆ. ಆದ್ದರಿಂದ ಹೂ ಮುಡಿಯುವುದನ್ನು ಮಾತ್ರ ಬಿಟ್ಟಳು. ಒಂದೊಂದು ಕಡ್ಡಿಯನ್ನೂ ಸಿದ್ದಬಸಪ್ಪನ ಕಿವಿ ಎಂದುಕೊಂಡು ಹೊಸೆದಳು. ಆ ಎರಡು ವರ್ಷ ಅವಳ ಬತ್ತಿ ಬೇರೆಯವರದ್ದಕ್ಕಿಂತ ಎರಡು ಪಟ್ಟು ಹೊತ್ತು ಉರಿಯಿತು.

ಎಂಬತ್ತೇಳರಲ್ಲಿ ಸಿದ್ದಬಸಪ್ಪನಿಗೆ ನಾಗರಬಾವಿಯ ಹೆಣ್ಣು ಗೊತ್ತಾಯಿತು. ಹೆಣ್ಣಿನ ಅಜ್ಜಿ ಅಕ್ಕಯ್ಯಮ್ಮನ ಬಳಿಗೆ ಶಿವಕ್ಕ ಯಾರೂ ಕರೆಯದೆಯೇ ಹೋದಳು. “ಹಾಡೋಕೆ ನಾನ್ ಬತ್ತೀನಿ ಅಕ್ಕಯ್ಯಮ್ಮಾರೆ. ನಂಗೇನೂ ಕೊಡ್ಬೇಡಿ. ರೂಢಿ ಮಾತ್ರ ಬಿಡ್ಬೇಡಿ.”

ಮದುವೆಯ ಬೆಳಿಗ್ಗೆ ದುಬೈನಿಂದ ಬಂದ ಅಭಿಮಾನಿಗಳು ವಿಡಿಯೋ ಕ್ಯಾಮೆರಾ ಹಿಡಿದು ನಿಂತಿದ್ದರು. ಮದುಮಗ ಆ ಕೋಟಿನಲ್ಲೇ ಬಂದ. ಶಿವಕ್ಕ ಬಾಗಿಲಿಗೆ ಅಡ್ಡ ಚಾಪೆ ಹಾಸಿ ಕೂತು ಎತ್ತಿದಳು:

“ದುಬೈ ಕೋಟು ತೊಟ್ಟ ಗಂಡು ದೊಡ್ಡೋನಂಗೆ ನಿಂತವ್ನೆ,
ಕೋಟಿನ್ ಒಳಗೆ ಶಿವಕ್ಕನ್ ಹಾಡ್ನ ಬಚ್ಚಿಟ್ಕೊಂಡು ಬಂದವ್ನೆ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಸಿದ್ದಬಸಪ್ಪ ಗೆಳೆಯನನ್ನು ತಿವಿದ. “ಏನಾದ್ರೂ ಹಾಡೋ ಮಚ್ಚಾ, ಮುಹೂರ್ತ ಮೀರ್ತೈತೆ.”

ಕೆಂಪಯ್ಯ ಬಾಯಿ ತೆರೆದ. ಬಂದದ್ದು ‘ಬಂದ್ರು ನೋಡೆ ಬೀಗರು’. ಉಳಿದದ್ದನ್ನು ಶಿವಕ್ಕನೇ ಮುಗಿಸಿದಳು. ಎರಡನೆಯ ನುಡಿ ಎತ್ತಿದ. ಅದನ್ನೂ ಅವಳೇ ಮುಗಿಸಿದಳು. ಇಬ್ಬರ ಹೊಟ್ಟೆಯಲ್ಲೂ ಸ್ವಂತದ್ದು ಅಂತ ಒಂದು ಸಾಲಿರಲಿಲ್ಲ.

“ನನ್ ಕಲ್ಲೇ ಆಯ್ಕೊಂಡು ನಂಗೇ ಹೊಡೀತೀಯಲ್ಲಪ್ಪ,” ಅಂದಳು ಶಿವಕ್ಕ.

ಅಕ್ಕಯ್ಯಮ್ಮ ಮುಂದೆ ಬಂದಳು. “ತಾಂಬೂಲ ಇಡಪ್ಪ. ಇಲ್ದಿದ್ರೆ ನಮ್ ಮಗು ಒಳಗೇ ಕೂತಿರ್ತಾಳೆ.”

ಸಿದ್ದಬಸಪ್ಪ ಮಂಡಿಯೂರಿ ತಾಂಬೂಲ ಇಟ್ಟ. “ಸೋತೆ ಆಂಟಿ.”

“ಯಾರ್ ಹಾಡಿಗೆ ಸೋತೆ? ಕ್ಯಾಮ್ರಾ ಕಡೆ ತಿರುಗಿ ಹೇಳು, ದುಬೈಗೂ ಕೇಳ್ಲಿ.”

ಅವನು ತಿರುಗಿದ. ಕೋಟಿನೊಳಗೆ ಬೆವರು ಇಳಿಯುತ್ತಿತ್ತು. “ಶಿವಕ್ಕನ್ ಹಾಡಿಗೆ. ನಾವ್ ಕದ್ದಿದ್ವಿ.”

ಶಿವಕ್ಕ ತಾಂಬೂಲದ ತಟ್ಟೆಯಲ್ಲಿದ್ದ ಮೊಳ ಮಲ್ಲಿಗೆಯನ್ನು ಎರಡು ತುಂಡು ಮಾಡಿ, ಒಂದನ್ನು ಮುಡಿದಳು. ಇನ್ನೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೆಂಪಯ್ಯನ ಕಡೆ ತಿರುಗಿದಳು.

“ನಿಂಗ್ ಯಾವಾಗಪ್ಪಾ ಮದ್ವೆ?”