ಅಪ್ಪನ ಛುಟ್ಟಿ

ಆಗೆಲ್ಲ ದುಡಿಯುವವರ ಮನೆಯಲ್ಲಿ ಸೂಟಿಗೊಂದು ಕಾರಣ ಇರಲೇಬೇಕಿತ್ತು. ವಾರದ ಸೂಟಿ ಜೋಳ ಬೀಸಿಸಿ ತರಲಿಕ್ಕೆ, ಹಬ್ಬದ ಸೂಟಿ ಬೀಗರನ್ನು ಸುಧಾರಿಸಲಿಕ್ಕೆ, ಜ್ವರದ ಸೂಟಿ ನರಳಲಿಕ್ಕೆ. ಸುಮ್ಮನೆ ಮಲಗಲಿಕ್ಕೂ ಒಂದು ಸೂಟಿ ಇರುತ್ತದೆಂದು ಯಾರಿಗೆ ಗೊತ್ತಿತ್ತು?

ಊರು ಬಿಟ್ಟು ದುಡಿಯಲು ಬಂದಿದ್ದ ಅಪ್ಪ ಸನತ್‌ನಗರದ ನಮ್ಮ ಒಂದು ಕೋಣೆಯ ಮನೆಯಿಂದ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗುತ್ತಿದ್ದ. ಕತ್ತಲಾದ ಮೇಲೆ ಬಂದರೆ ಅಂಗಿಯ ತುಂಬ ಕಹಿ ವಾಸನೆ. ಒಂದು ಬುಧವಾರ ನಾನು ಎದ್ದು ನೋಡಿದರೆ ಬಿಸಿಲು ಹೊಸ್ತಿಲು ದಾಟಿದೆ, ಅಪ್ಪ ಇನ್ನೂ ಚಾಪೆಯ ಮೇಲಿದ್ದಾನೆ! ಅವ್ವ ಹಣೆ ಮುಟ್ಟಿದಳು. ತಣ್ಣಗಿತ್ತು. ಅದಕ್ಕೇ ಅವಳಿಗೆ ದಿಗಿಲಾಯಿತು.

"ಏನ್ರೀ, ಕೆಲಸಕ್ಕ ಹೋಗೂದಿಲ್ಲೇನು?"

"ಸೂಟಿ ಐತಿ. ಆರಾಮ ಮಾಡು ಅಂದಾರ," ಎಂದ ಅಪ್ಪ ಮಗ್ಗುಲಾಗಿ ಮತ್ತೆ ಗೊರಕೆ ಹೊಡೆದ.

"ಸುಮ್‌ಸುಮ್ನ ಯಾರರ ಆರಾಮ ಮಾಡಂತಾರೇನು? ಏನೋ ಮುಚ್ಚಿಡಾಕತ್ತಾರ," ಎಂದು ಅವ್ವ ನನ್ನ ಕಿವಿಯಲ್ಲಿ ಅಂದಳು. ಕಾವಲಿಗಿರಲಿ ಎಂದು ನನ್ನನ್ನೂ ಶಾಲೆಗೆ ಕಳಿಸಲಿಲ್ಲ. ನಾನು ಅಪ್ಪನ ಜೇಬು ತಡಕಿದೆ. ಕಾರ್ಖಾನೆಯ ಹಿತ್ತಾಳೆ ಬಿಲ್ಲೆ ಇರಲಿಲ್ಲ! ಕೆಲಸ ಹೋದರೆ ಊರಿಗೆ ಮರಳಬೇಕು. ಪಕ್ಕದ ಮನೆಯ ಖಾಲಾನ ಮಗಳ ಜೊತೆ ನನ್ನ ಕುಂಟಾಟವೂ ಅಲ್ಲಿಗೇ ಮುಗಿಯಿತು.

ಮಧ್ಯಾಹ್ನ ಅಪ್ಪ ನೀರು ಕುಡಿಯಲು ಎದ್ದು ಬಾಗಿಲಿಗೆ ಬಂದ. ಇವತ್ತು ಮನೆಯಲ್ಲೇ ಇದ್ದಾನಲ್ಲ ಎಂದು ಖಾಲಾ ಕೇಳಿದಳು, "ಕ್ಯಾ ಭಾಯ್, ಆಜ್ ಘರ್‌ಮೇಚ್?"

"ಛುಟ್ಟಿ ಹೋಗಯಿ," ಎಂದು ಅಪ್ಪ ನಕ್ಕು ಒಳಗೆ ಬಂದು ಬಿದ್ದುಕೊಂಡ.

ಸೂಟಿ ಸಿಕ್ಕಿತು ಅಂತ ಅವನ ಅರ್ಥ. ಆದರೆ ಅಲ್ಲಿನ ಮಾತಿನಲ್ಲಿ ಛುಟ್ಟಿ ಆಯಿತೆಂದರೆ ಕೆಲಸದಿಂದ ತೆಗೆದರು ಅಂತಲೂ ಆಗುತ್ತದೆ. ಖಾಲಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವ್ವ ಅದನ್ನು ನೋಡಿದಳು.

ಸ್ವಲ್ಪ ಹೊತ್ತಿಗೆ ಖಾಲಾ ಬಿಸಿ ಖಿಚಡಿ, ಹುಣಸೆಹಣ್ಣಿನ ಖಟ್ಟಾ ತಂದಿಟ್ಟು, ಗೋಲಿ ಆಡುವ ಹುಡುಗರನ್ನು ಗಲ್ಲಿಯಿಂದಲೇ ಓಡಿಸಿದಳು. ಅವ್ವ ಟ್ರಂಕಿನಲ್ಲಿ ಬಟ್ಟೆ ತುಂಬತೊಡಗಿದಳು.

ಸಂಜೆ ಎದ್ದ ಅಪ್ಪ ಕಣ್ಣುಜ್ಜಿಕೊಂಡ. "ಊರಿಗೆ ಯಾರ ಹೊಂಟಾರ?"

"ನಾವ! ಕೆಲಸ ಹೋತಲ್ಲ. ಬಿಲ್ಲೆ ಸೈತ ಕಸ್ಕೊಂಡಾರ."

"ಹುಚ್ಚಿ! ಬಿಲ್ಲೆ ದಿನಾ ಗೇಟಿನ್ಯಾಗ ಕೊಟ್ಟ ಬರತೀನಿ. ಹಬ್ಬದ ದಿನ ದುಡದಿದ್ನೆಲ್ಲ, ಅದರ ಬದಲಿ ಸೂಟಿ ಇದು."

"ಬದಲಿ ಸೂಟಿ! ಹಂಗಂತ ಒಂದ ಇರತೈತೇನು?"

ಅವ್ವ ನಂಬಲಿಲ್ಲ. ಮರುದಿನ ಕತ್ತಲಾದ ಮೇಲೆ ಅಪ್ಪ ಬಂದಾಗ ಅವನ ಅಂಗಿ ಮೂಸಿ ನೋಡಿದಳು. ಆ ಕಹಿ ವಾಸನೆ ಸಿಕ್ಕ ಮೇಲೆಯೇ ಟ್ರಂಕಿನ ಬಟ್ಟೆ ಹೊರಗೆ ಬಂದವು.

ಈಗ ಮಾದಾಪುರದ ಆಫೀಸಿಗೆ ಹೋಗುವ ನನ್ನ ಮೊಮ್ಮಗಳು ವಾರದ ನಡುವೆ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ! ನನ್ನ ಖುಷಿ ಹೇಳತೀರದು. ಆದರೂ ಕೇಳಿಯೇಬಿಟ್ಟೆ: "ಖರೇ ಹೇಳವ್ವಾ, ನೌಕರಿ ಐತಿಲ್ಲೋ?"

"ಐತಿ ಅಜ್ಜಿ. ದಣದೇನಿ ಅಂದೆ, ಸೂಟಿ ಕೊಟ್ರು."

ಎಂಥ ಚಂದದ ಮಾತು! ನಮ್ಮಪ್ಪನಿಗೆ ಹಾಗೆ ಕೇಳಲು ಬಾಯಿಯೇ ಬರುತ್ತಿರಲಿಲ್ಲ. ಆದರೆ ಅಪ್ಪನ ಹಾಗೆ ಮಲಗಲು ಇವಳಿಗೆ ಬರುವುದಿಲ್ಲ. ಫೋನು ಗುಂಯ್ ಅಂದರೆ ಸಾಕು, ಕಣ್ಣು ಬಿಡುತ್ತಾಳೆ. ಅದನ್ನು ದಿಂಬಿನ ಕೆಳಗೆ ತುರುಕಿದ್ದೇನೆ. ನಮ್ಮ ಬಾಗಿಲಿನ ಎದುರಿಗೇ ಮತ್ತೊಂದು ಬಾಗಿಲಿದೆ. ಬೆಳಗಿನಿಂದ ಮುಚ್ಚಿದ್ದು ಮುಚ್ಚಿದಂತೆಯೇ ಇದೆ. ಹಾಡುಹಗಲು ಈ ಹುಡುಗಿ ಯಾಕೆ ಮಲಗಿದ್ದಾಳೆಂದು ಅನುಮಾನಪಟ್ಟು ಒಂದು ತಾಟು ಖಿಚಡಿ ತರುವವರಿಲ್ಲ. ನಾನೇ ಎದ್ದು ಮಾಡೋಣವೆಂದರೆ, ಏಳುವುದು ಹೇಗೆ? ಈಗಷ್ಟೇ ಗೊರಕೆ ಶುರುವಾಗಿದೆ.