ನೂರೈವತ್ತು ದಿನದ ಜಪ್ತಿ

ಜುಂಜಮ್ಮ ಹಿರಿಯೂರಿನ ಅಂಗನವಾಡಿಯಲ್ಲಿ ಇಪ್ಪತ್ತಾರು ವರ್ಷ ಉಪ್ಪಿಟ್ಟು ಕೆದಕಿದವರು. ಗಂಡ ಸಣ್ಣತಿಮ್ಮಪ್ಪ ಲೈನ್‌ಮನ್ ಆಗಿದ್ದವರು. ನಿವೃತ್ತಿಯಾದಾಗ ಎರಡು ರೂಮಿನ ಮನೆ ಕೊಂಡು, ವೈರಿಂಗನ್ನೆಲ್ಲ ತಾವೇ ಹೊಸದಾಗಿ ಮಾಡಿದ್ದರು. ಲಕ್ವ ಹೊಡೆದು ಮಲಗಿದ ಮೇಲೆ ಅವರದು ಒಂದೇ ಮಾತು: "ನಾನು ಸಾಯಾದು ಈ ಮನೇಲೇ ಕಣೇ."

ಆ ಮನೆ ಮಾರಿದವನು ಊರಿಗೆಲ್ಲ ಟೋಪಿ ಹಾಕಿ ಸಿಕ್ಕಿಬಿದ್ದ. ಅವನು ಆ ದುಡ್ಡಿನಲ್ಲಿ ಕಟ್ಟಿಸಿ ಮಾರಿದ ಮನೆಗಳಲ್ಲಿ ಇದೂ ಒಂದೆಂದು, 2009ರ ಆಷಾಢದಲ್ಲಿ ಅಕ್ರಮ ಹಣ ವರ್ಗಾವಣೆ ಕಾನೂನಿನ ಆದೇಶ ಬಂತು. ಪೂರ್ತಿ ಇಂಗ್ಲಿಷು. ಜುಂಜಮ್ಮ ಅದನ್ನು ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವ ನನ್ನ ಹತ್ತಿರ ತಂದರು. ಹಾಳೂರಿಗೆ ಉಳಿದವನೇ ಗೌಡ, ನಾನು ಮೊದಲ ಪುಟ ನೋಡಿ ತೀರ್ಪು ಕೊಟ್ಟೆ: "ಜಪ್ತಿ ಆಗೈತೆ ಅಕ್ಕಾ. ತಾತ್ಕಾಲಿಕ. ನೂರೈವತ್ತು ದಿನದೊಳಗೆ ದಿಲ್ಲಿ ಆಫೀಸಿನೋರು ಖಾಯಂ ಮಾಡ್ಲಿಲ್ಲ ಅಂದ್ರೆ ತಾನಾಗೇ ಬಿದ್ದೋಗ್ತೈತೆ."

ನಮ್ಮ ಕಡೆ ಜಪ್ತಿ ಎಂದರೆ ಕೋರ್ಟಿನ ಅಮೀನ ಬಂದು ಪಾತ್ರೆ ಪಗಡ ಬೀದಿಗೆ ಎಸೆಯುವುದು. ಆ ಮಾನಗೇಡಿಗೆ ಕಾಯದೆ ಜುಂಜಮ್ಮ ಮಾರನೆಯ ದಿನವೇ ಬೀಗ ಹಾಕಿ, ಗಂಡನನ್ನು ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಐಮಂಗಲದ ತಂಗಿ ಕಾಳಕ್ಕನ ಪಡಸಾಲೆ ಸೇರಿದರು.

ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ನನ್ನ ಮುಂದೆ ಕೂರುವರು. "ಎಷ್ಟಾತು ರೈಟ್ರೇ?" ನಾನು ಕ್ಯಾಲೆಂಡರ್ ನೋಡಿ ಹೇಳುವೆ. ಐವತ್ತು, ಎಂಬತ್ತೈದು, ನೂರಾ ಆರು. "ಮನಿಗೆ ಹೋಗಾಣ ಅಂತ ದಿನಾ ಅಳ್ತಾರೆ" ಎನ್ನುವರು. ಕೇಳಿ ಕೇಳಿ ನನಗೂ ಸಾಕಾಗಿತ್ತು, ಸುಳ್ಳೇಕೆ ಹೇಳಲಿ. ನೂರಾ ಮೂವತ್ತೊಂದನೆಯ ದಿನ ಸಣ್ಣತಿಮ್ಮಪ್ಪ ಕಾಳಕ್ಕನ ಪಡಸಾಲೆಯಲ್ಲೇ ತೀರಿಕೊಂಡರು.

ಗಡುವು ಮುಗಿದ ಮೇಲೆ ನಾನೊಬ್ಬನೇ ಆ ಆದೇಶ ಹಿಡಿದು ಚಿತ್ರದುರ್ಗದ ವಕೀಲರೊಬ್ಬರ ಬಳಿ ಹೋದೆ. ವಿಚಾರಿಸಿ, "ಖಾಯಂ ಆಗಿಲ್ಲ. ಜಪ್ತಿ ಬಿದ್ದೋತು" ಎಂದರು. ಇನ್ನು ಬೀಗ ತೆಗೆಯಲು ಯಾರ ಅಪ್ಪಣೆ ಬೇಕು ಎಂದು ಕೇಳಿದೆ.

"ಯಾವ ಬೀಗ? ಮಾರಬಾರದು ಅಂತಷ್ಟೇ ಆದೇಶ ಇದ್ದಿದ್ದು. ವಾಸಕ್ಕೆ ಯಾರು ಅಡ್ಡ ಬಂದಿದ್ರು? ಎರಡನೇ ಪುಟದಾಗೇ ಐತಲ್ರೀ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಲ್ಲಿಂದ ನೇರ ಐಮಂಗಲಕ್ಕೆ ಹೋಗಿ ಜುಂಜಮ್ಮನಿಗೆ ಎಲ್ಲ ಹೇಳಿದೆ. ತಪ್ಪು ನನ್ನದು, ಬಾಯಿಗೆ ಬಂದಂತೆ ಬೈಯಿರಿ ಎಂದೆ.



"ನಿಮ್ಮನ್ನ ಬೈದು ಏನ್ಮಾಡ್ಲಿ? ಅವತ್ತು ಅವ್ರು ಸ್ವಾಧೀನ ಇದ್ದೊಂದು ಕೈಲಿ ಬಾಗಿಲು ಚೌಕಟ್ಟು ಹಿಡ್ಕಂಡು ಬಿಡ್ಲೇ ಇಲ್ಲ. ಒಂದೊಂದೇ ಬೆರಳು ಬಿಡ್ಸಿದೋಳು ನಾನು ರೈಟ್ರೇ."